ವಿಮಾನದ ಎಡಗಾಲು

ನನ್ನ ನಾದಿನಿ ನಮ್ಮ ಮನೆಯಲ್ಲಿ ಇಪ್ಪತ್ತಮೂರು ದಿನ ಇದ್ದು, ಇಪ್ಪತ್ತನಾಲ್ಕನೆಯ ದಿನ ಬೆಳಿಗ್ಗೆ ಎಂಟು ಗಂಟೆಯ ವಿಮಾನ ಹತ್ತಿ ಹೊರಟು, ಎಂಟೂ ಆರಕ್ಕೆ ವಾಪಸ್ಸು ಬಂದಳು. ಬಂದಳು ಅಂದರೆ ಇಳಿದಳು ಅಂತಲ್ಲ. ನಮ್ಮ ತಲೆಯ ಮೇಲೆ ಗಿರಕಿ ಹೊಡೆಯತೊಡಗಿದಳು. ಇಳಿಯೋಣವೆಂದರೆ ವಿಮಾನದ ಒಂದು ಕಾಲು ಪೂರ್ತಿ ಹೊರಗೆ ಬರುತ್ತಿರಲಿಲ್ಲ. ಅದಕ್ಕೆ ಕಾರಣ ನಾನು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟಳು ಅನ್ನಿಸಿಕೊಳ್ಳುವುದು ನನಗೆ ಬೇಡ. ಮುಚ್ಚಿಟ್ಟಿದ್ದು ಸಾಕಾಗಿದೆ.

ನಮ್ಮದೇನು ದೊಡ್ಡ ವಿಮಾನ ನಿಲ್ದಾಣವಲ್ಲ. ಒಂದು ರನ್‌ವೇ, ಒಂದು ತಗಡಿನ ಹ್ಯಾಂಗರ್, ಎರಡಂತಸ್ತಿನ ಒಂದು ಕಟ್ಟಡ. ಮೇಲಿನ ಅಂತಸ್ತಿನಲ್ಲಿ ಒಂದು ಗಾಜಿನ ಕೋಣೆ. ಅದನ್ನು ನಾವು ಟವರ್ ಎಂದು ಕರೆಯುತ್ತೇವೆ, ಕೇಳಿದವರು ಕತ್ತೆತ್ತಿ ಹುಡುಕುತ್ತಾರೆ. ಕೆಳಗೆ ನನ್ನ ಕ್ಯಾಂಟೀನು. ಒಂಬತ್ತು ಜನ ಕೂರುವ ವಿಮಾನ ಬೆಳಿಗ್ಗೆ ಹೋಗಿ ಸಂಜೆ ಬರುತ್ತದೆ. ಅದರಲ್ಲಿ ಓಡಾಡುವವರು ಕಚೇರಿ ಕೆಲಸದವರು, ಆಸ್ಪತ್ರೆಗೆ ಹೋಗುವವರು, ಮತ್ತೆ ನಾದಿನಿಯರು.

ಆ ವಿಮಾನಕ್ಕೆ ಇರುವ ಒಬ್ಬನೇ ಮೆಕ್ಯಾನಿಕ್ ನಮ್ಮ ಯಜಮಾನರು. ಎಲ್ಲರೂ ಮೇಸ್ತ್ರಿ ಅನ್ನುತ್ತಾರೆ. ದಿನಾ ಬೆಳಿಗ್ಗೆ ವಿಮಾನದ ಸುತ್ತ ಹೋಗಿ ಎಲ್ಲ ಪರೀಕ್ಷಿಸಿ, ಸರಿಯಿದೆ ಅಂತ ಕಾಗದದ ಮೇಲೆ ಇವರು ತಮ್ಮ ಸೀಲು ಒತ್ತಬೇಕು. ಇವರ ಸೀಲು ಬೀಳದೆ ವಿಮಾನ ಒಂದು ಗೇಣೂ ಅಲುಗುವಂತಿಲ್ಲ. ಆ ಸೀಲು ಅಂಗಿಯ ಎದೆ ಜೇಬಿನಲ್ಲಿರುತ್ತದೆ. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ನನ್ನನ್ನು ಅಷ್ಟು ಹತ್ತಿರ ಇಟ್ಟುಕೊಂಡಿದ್ದು ನನಗಂತೂ ನೆನಪಿಲ್ಲ.

ಎರಡು ವರ್ಷದ ಹಿಂದೆ ಇವರ ಎರಡೂ ಕಣ್ಣಿಗೆ ಪೊರೆ ಬರಲು ಶುರುವಾಯಿತು. ಮೊದಮೊದಲು ಬಲ್ಬು ಮಂಕಾಗಿದೆ ಅಂತ ಮನೆಯ ಬಲ್ಬುಗಳನ್ನೆಲ್ಲ ಬದಲಾಯಿಸಿದರು. ಆಮೇಲೆ ಪತ್ರಿಕೆಯವರು ಅಕ್ಷರ ಸಣ್ಣ ಮಾಡಿದ್ದಾರೆ ಅಂತ ಪತ್ರಿಕೆ ನಿಲ್ಲಿಸಿದರು. ಒಂದು ದಿನ ಮೊಳೆಗೆ ತೂಗುಹಾಕಿದ್ದ ಮ್ಯಾನೇಜರ ಕೋಟಿಗೆ ನಮಸ್ಕಾರ ಹೇಳಿ, ಅದರ ಮುಂದೆ ನಿಂತು ಐದು ನಿಮಿಷ ಹೊಸ ಟೈರು ಬೇಕು ಅಂತ ವಾದ ಮಾಡಿದರು. ಕೋಟು ಒಂದು ಮಾತೂ ಎದುರಾಡಲಿಲ್ಲ. ಮ್ಯಾನೇಜರು ಇವತ್ತು ಬಹಳ ಸಮಾಧಾನದಲ್ಲಿದ್ದರು ಕಣೇ ಅಂತ ಖುಷಿಯಿಂದ ಬಂದು ಹೇಳಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಪರೇಷನ್ ಮಾಡಿಸಿದರೆ ಸರಿಹೋಗುತ್ತದೆ ಅಂತ ಇವರಿಗೂ ಗೊತ್ತಿತ್ತು. ಆದರೆ ಕಣ್ಣಿನ ಡಾಕ್ಟರ ಬಳಿ ಹೋದರೆ ಕಾಗದ ಕಂಪನಿಗೆ ಹೋಗುತ್ತದೆ, ಕಾಗದ ಹೋದರೆ ಸೀಲು ಹೋಗುತ್ತದೆ. ಎರಡೂ ಕಣ್ಣು ಸರಿಯಾಗಿ, ಮತ್ತೆ ಪರೀಕ್ಷೆ ಬರೆದು ಪಾಸಾದರೆ ವಾಪಸ್ಸು ಕೊಡಬಹುದು. ಐವತ್ತೆಂಟು ವಯಸ್ಸಿಗೆ ಯಾರು ಕೊಡುತ್ತಾರೆ ಅಂತ ಇವರ ಹೆದರಿಕೆ. ಸೀಲಿಲ್ಲದ ಮೆಕ್ಯಾನಿಕ್ ಅಂದರೆ ಸ್ಪ್ಯಾನರ್ ಎತ್ತಿಕೊಡುವವನು, ಅಷ್ಟೇ ಅನ್ನುತ್ತಿದ್ದರು. ಅದನ್ನು ಹೇಳುವಾಗ ಇವರ ದನಿ ತೀರ ಸಣ್ಣಗಾಗುತ್ತಿತ್ತು.

ಕೊನೆಗೆ ಇಬ್ಬರೂ ಸೇರಿ ಒಂದು ಉಪಾಯ ಮಾಡಿಕೊಂಡೆವು. ಬೆಳಿಗ್ಗೆ ಆರಕ್ಕೆ, ಬೇರೆ ಯಾರೂ ಬರುವ ಮೊದಲು, ನಾನು ಟೀ ಫ್ಲಾಸ್ಕ್ ಹಿಡಿದು ಹ್ಯಾಂಗರಿಗೆ ಹೋಗುವುದು. ಇವರು ಕೈಯಲ್ಲಿ ನೋಡುವುದು, ನಾನು ಕಣ್ಣಲ್ಲಿ ನೋಡುವುದು. ಇವರ ಬೆರಳು ಬಹಳ ಚುರುಕು. ಬೋಲ್ಟು ಕೂದಲೆಳೆಯಷ್ಟು ಸಡಿಲವಾಗಿದ್ದರೂ ಮುಟ್ಟಿದ ಕೂಡಲೇ ಹೇಳುತ್ತಾರೆ. ಆದರೆ ಯಾವುದನ್ನು ಮುಟ್ಟಿ ಆಯಿತು, ಯಾವುದು ಬಾಕಿ ಅಂತ ಗೊತ್ತಾಗಬೇಕಲ್ಲ? ಅದಕ್ಕೆ ಮುಟ್ಟಿ ಮುಗಿಸಿದ ಕಡೆ ಒಂದೊಂದು ಬಟ್ಟೆಯ ಪಟ್ಟಿ ಕಟ್ಟುತ್ತಾ ಹೋಗುತ್ತಿದ್ದರು. ನಾನು ಹಿಂದೆಯೇ ಟಾರ್ಚ್ ಹಿಡಿದು ಬಂದು, ಅಲ್ಲಿ ಬಿರುಕು ಬಿಟ್ಟಿದೆಯೇ, ಎಣ್ಣೆ ಸೋರಿದೆಯೇ ನೋಡಿ, ಕಂಡಿದ್ದನ್ನು ಹೇಳಿ, ಇವರು ಹೂಂ ಅಂದಮೇಲೆ ಪಟ್ಟಿ ಬಿಚ್ಚಿ ಏಪ್ರನ್ ಜೇಬಿಗೆ ತುರುಕುತ್ತಿದ್ದೆ. ಹನ್ನೊಂದು ಜಾಗ, ಹನ್ನೊಂದು ಪಟ್ಟಿ. ಕೊನೆಗೆ ಜೇಬಿನಿಂದ ಹನ್ನೊಂದನ್ನೂ ತೆಗೆದು ಎಣಿಸಿ ಸರಿಯಾಗಿದೆ ಅಂದರೆ ಇವರು ಸೀಲು ಒತ್ತುತ್ತಿದ್ದರು. ಇಂಥ ಪದ್ಧತಿ ಯಾವ ಕಂಪನಿಯ ಯಾವ ಪುಸ್ತಕದಲ್ಲೂ ಇಲ್ಲ. ಆದರೂ ಎರಡು ವರ್ಷ ಒಂದೇ ಒಂದು ಲೋಪವಾಗಲಿಲ್ಲ ಅಂತ ನಾವಿಬ್ಬರೂ ಒಳಗೊಳಗೇ ಬೀಗುತ್ತಿದ್ದೆವು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ನಮ್ಮ ಯಜಮಾನರು ನನ್ನ ಮಾತನ್ನು ಕಿವಿಯ ಮೇಲೆ ಹಾಕಿಕೊಂಡವರಲ್ಲ. ನಾನು ಮಾತಾಡುತ್ತಿದ್ದರೆ ಹೂಂ, ಹೂಂ ಅನ್ನುತ್ತಾ ನಿದ್ದೆ ಹೋಗುತ್ತಿದ್ದರು. ಆದರೆ ಆ ಬೆಳಗಿನ ಒಂದು ಗಂಟೆ ಹಾಗಲ್ಲ. ಆಗ ನಾನು ಏನು ಹೇಳಿದರೂ ಕಿವಿ ನೆಟ್ಟಗೆ ಮಾಡಿ ಕೇಳುತ್ತಿದ್ದರು. ಚಕ್ರದ ವಿಷಯ ಮುಗಿದ ಮೇಲೆ ಪಕ್ಕದ ಮನೆಯ ವಿಷಯ, ಅದು ಮುಗಿದ ಮೇಲೆ ನನ್ನ ಚಿಕ್ಕಂದಿನ ವಿಷಯ. ಕೇಳುವುದೇನು, ಆಮೇಲೇನಾಯ್ತು ಅಂತ ಪ್ರಶ್ನೆ ಬೇರೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದ ಮೇಲೆ ನನಗೊಬ್ಬ ಗಂಡ ಸಿಕ್ಕಿದ್ದ. ಕಣ್ಣು ಸರಿಹೋದರೆ ಆ ಗಂಟೆ ಹೋಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಡಾಕ್ಟರ ಬಳಿ ಹೋಗೋಣ ಅಂತ ನಾನು ವರ್ಷಕ್ಕೊಮ್ಮೆ ಹೇಳಿದ್ದುಂಟು, ಆದರೆ ಹಟ ಹಿಡಿಯಲಿಲ್ಲ.

ಇನ್ನು ನಾದಿನಿ. ಇವರ ಒಬ್ಬಳೇ ತಂಗಿ. ಒಳ್ಳೆಯವಳೇ, ದೂರದಲ್ಲಿದ್ದಾಗ. ಬಂದ ದಿನವೇ ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟಳು. ಆಮೇಲೆ ಇಪ್ಪತ್ತಮೂರು ದಿನ ನಾನು ಉಪ್ಪು ಹುಡುಕಿದೆ. ಹೋದ ಸಲ ಬಂದಾಗ ಹಳದಿ ಹೂವಿನ ನಾಲ್ಕು ದಿಂಬಿನ ಕವರು ಉಡುಗೊರೆ ತಂದಿದ್ದಳು. ಈ ಸಲ ಚಪ್ಪಲಿ ಬಿಡುವ ಮೊದಲೇ ಕೇಳಿದ್ದು, ಅತ್ತಿಗೆ, ಆ ಕವರು ಎಲ್ಲಿ ಅಂತ. ಒಗೆಯಲು ಹಾಕಿದ್ದೇನೆ ಅಂದೆ. ಇಪ್ಪತ್ತಮೂರು ದಿನವೂ ಅವು ಒಗೆತದಲ್ಲೇ ಇದ್ದವು. ಅವನ್ನು ಹರಿದು ಪಟ್ಟಿ ಮಾಡಿ, ಅವಳ ಅಣ್ಣನ ಕೈಗೇ ಕೊಟ್ಟಿದ್ದೇನೆ ಅಂತ ಹೇಳುವುದಾದರೂ ಹೇಗೆ?

ಹೊರಡುವ ದಿನ ಬೆಳಿಗ್ಗೆ ನನಗೆ ಎಲ್ಲಿಲ್ಲದ ಉತ್ಸಾಹ. ಹ್ಯಾಂಗರಿನಲ್ಲಿ ಅವಳು ಡಬ್ಬಿ ಜೋಡಿಸುವುದನ್ನು, ನನ್ನ ಸಾರಿಗೆ ಚಮಚ ಅದ್ದಿ ಮೂಗು ಮುರಿಯುವುದನ್ನು, ಮಲಗುವ ಮೊದಲು ದಿಂಬನ್ನು ತಟ್ಟಿ ತಟ್ಟಿ ನಿಟ್ಟುಸಿರು ಬಿಡುವುದನ್ನು ಹಾಗೆಯೇ ಮಾಡಿ ತೋರಿಸಿದೆ. ಇವರಿಗೆ ಕಾಣದಿದ್ದರೂ ದನಿಯಲ್ಲೇ ಎಲ್ಲ ತಿಳಿಯಿತು. ಎಡಗಡೆಯ ಚಕ್ರದ ಕೆಳಗೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗುತ್ತಲೇ ಎದ್ದು ಮುಂದಿನ ಜಾಗಕ್ಕೆ ಹೋದೆವು.

ಹಿಂದಿನ ದಿನ ಸಕ್ಕರೆ ಚೀಲದ ಬಾಯಿ ಕಟ್ಟಲು ದಾರ ಸಿಗದೆ ಹನ್ನೊಂದರಲ್ಲಿ ಒಂದು ಪಟ್ಟಿ ತೆಗೆದು ಕಟ್ಟಿದ್ದೆ. ಅದರ ಬದಲಿಗೆ ಹೊಸದೊಂದು ಹರಿದು ಇವರಿಗೆ ಕೊಟ್ಟಿದ್ದೆ. ಸಂಜೆ ಸಕ್ಕರೆ ಖಾಲಿಯಾಗಿ ಆ ಹಳೆಯ ಪಟ್ಟಿ ಏಪ್ರನ್ ಜೇಬಿಗೇ ವಾಪಸ್ಸು ಬಂದಿತ್ತು, ಅದು ಮರೆತೇಹೋಗಿತ್ತು. ಆ ಬೆಳಿಗ್ಗೆ ಇವರು ಕಟ್ಟಿದ್ದು ಹನ್ನೊಂದು, ನಾನು ಬಿಚ್ಚಿದ್ದು ಹತ್ತು, ಜೇಬಿನಲ್ಲಿ ಮೊದಲೇ ಒಂದು. ಎಣಿಸಿದೆ, ಹನ್ನೊಂದು. ಸರಿ ಅಂದೆ. ಇವರು ಸೀಲು ಒತ್ತಿದರು.

ಎಂಟು ಗಂಟೆಗೆ ವಿಮಾನ ಎದ್ದಿತು. ನಾದಿನಿಯೂ ಸೇರಿ ಎಂಟು ಪ್ರಯಾಣಿಕರು, ಪೈಲಟ್ ಒಬ್ಬಳು. ನಾನು ಕ್ಯಾಂಟೀನಿನ ಕಿಟಕಿಯಿಂದ ಕೈ ಬೀಸಿದೆ, ಸ್ವಲ್ಪ ಜಾಸ್ತಿಯೇ ಬೀಸಿದೆ. ಕೈ ಒರೆಸಿಕೊಂಡು ನನ್ನ ಪಾಲಿನ ಟೀ ಬಗ್ಗಿಸಿಕೊಳ್ಳುವಷ್ಟರಲ್ಲಿ ಮೇಲಿನಿಂದ, ರೇಡಿಯೊದಲ್ಲಿ ವಿಮಾನದ ಜೊತೆ ಮಾತಾಡುವ ಟವರಿನವರು ಮೆಟ್ಟಿಲು ಅದುರುವಂತೆ ಇಳಿದು ಬಂದು, ಮೇಸ್ತ್ರಿ ಎಲ್ಲಿ ಅಂತ ಕೇಳಿದರು. ಅವರು ಕುರ್ಚಿ ಬಿಟ್ಟು ಇಳಿದಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ವಿಷಯ ಇಷ್ಟು. ವಿಮಾನ ಏರಿದ ಮೇಲೆ ಮೂರು ಕಾಲೂ ಮಡಚಿ ಹೊಟ್ಟೆಯೊಳಗೆ ಹೋಗಬೇಕು. ಬಲಗಾಲು ಹೋಯಿತು, ಮುಂದಿನ ಕಾಲು ಹೋಯಿತು, ಎಡಗಾಲು ಅರ್ಧಕ್ಕೆ ನಿಂತಿತು. ಪೈಲಟ್ ಲಿವರನ್ನು ಕೆಳಗೆ ಒತ್ತಿ ಮೂರನ್ನೂ ಮತ್ತೆ ಹೊರಗೆ ಬಿಟ್ಟಳು. ಒಂದೊಂದು ಕಾಲು ಪೂರ್ತಿ ಚಾಚಿ ಗಟ್ಟಿಯಾಗಿ ನಿಂತಾಗ ಒಂದೊಂದು ಹಸಿರು ದೀಪ ಹತ್ತಬೇಕು. ಎರಡು ಹತ್ತಿದವು. ಎಡಗಾಲಿನದು ಹತ್ತಲಿಲ್ಲ.

ಕಾಲಿನ ಹಿಂದೆ ಮಡಚುವ ಒಂದು ತೋಳಿದೆ, ಮಡಚುವ ಕುರ್ಚಿಯ ಕಂಬಿಯ ಹಾಗೆ. ಅದು ನೆಟ್ಟಗಾದರೆ ಕಾಲು ನಿಲ್ಲುತ್ತದೆ. ಸ್ವಲ್ಪ ಬಾಗಿದ್ದರೂ ನೆಲ ಮುಟ್ಟಿದ ಕೂಡಲೇ ಕಾಲು ಕುಸಿದು, ರೆಕ್ಕೆ ನೆಲಕ್ಕೆ ತಾಗಿ, ಮುಂದಿನದು ದೇವರಿಗೇ ಗೊತ್ತು. ಟವರಿನವರಿಗೆ ಚಕ್ರ ನೇತಾಡುವುದು ಕಾಣುತ್ತಿತ್ತು, ತೋಳಿನ ವಿಷಯ ಅವರಿಗೆ ತಿಳಿಯದು. ಅದನ್ನು ನೋಡಿ ಹೇಳಬೇಕಾದವರು ಮೇಸ್ತ್ರಿ. ವಿಮಾನ ರನ್‌ವೇ ಮೇಲೆ ಒಂದು ಮಹಡಿಯಷ್ಟು ಎತ್ತರದಲ್ಲಿ ನಿಧಾನವಾಗಿ ಹಾದುಹೋಗುತ್ತದೆ, ಮೇಸ್ತ್ರಿ ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿ ಹೇಳಬೇಕು ಅಂತ ತೀರ್ಮಾನವಾಯಿತು.

ನಮ್ಮ ಯಜಮಾನರು ಕೈ ರೇಡಿಯೊ ಹಿಡಿದು ರನ್‌ವೇ ಕಡೆ ಹೊರಟರು. ನಾನು ಒಂದು ಲೋಟ ನೀರು ಹಿಡಿದು ಹಿಂದೆ ಓಡಿದೆ. ಅಂಥ ಹೊತ್ತಿನಲ್ಲಿ ನೀರು ಯಾರಿಗೆ ಬೇಕಿತ್ತು, ಜೊತೆಗೆ ಹೋಗಲು ಒಂದು ನೆಪ ಬೇಕಿತ್ತು ಅಷ್ಟೇ. ಮ್ಯಾನೇಜರು ನಮಗಿಂತ ಸ್ವಲ್ಪ ಹಿಂದೆ ಬಂದು ನಿಂತರು. ಇವರು ನನ್ನ ಮೊಣಕೈ ಹಿಡಿದು, ತುಟಿ ಅಲುಗಿಸದೆ, ನೋಡಿ ಮೆಲ್ಲಗೆ ಹೇಳು ಅಂದರು.

ವಿಮಾನ ಬಂತು. ನನ್ನ ಕಣ್ಣು ಚೆನ್ನಾಗಿದೆ. ನೂರು ಹೆಜ್ಜೆ ಆಚೆ ಲೋಟದಲ್ಲಿ ಟೀ ಎಷ್ಟು ಉಳಿದಿದೆ ಅಂತ ಹೇಳಬಲ್ಲೆ. ಆ ತೋಳನ್ನು ಎರಡು ವರ್ಷ ದಿನಾ ಟಾರ್ಚ್ ಬಿಟ್ಟು ನೋಡಿದವಳು ಬೇರೆ. ತೋಳು ಬಾಗಿತ್ತು. ಅದರ ಕೀಲಿಗೆ ಎರಡು ಸುತ್ತು ಸುತ್ತಿಕೊಂಡು, ಒಂದು ತುದಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಹಳದಿ ಹೂವು.

ಆ ಕೀಲಿನ ಮುಂದೆ ಕುಳಿತು ನಕ್ಕಿದ್ದು ನೆನಪಾಯಿತು, ಸಕ್ಕರೆ ಚೀಲ ನೆನಪಾಯಿತು, ಹನ್ನೊಂದು ಹೇಗೆ ಹನ್ನೊಂದಾಯಿತು ಅಂತ ತಿಳಿಯಿತು. ಹೇಳಿದರೆ ಇವರ ಸೀಲು ಹೋಗುತ್ತದೆ. ನನ್ನ ಬೆಳಗಿನ ಗಂಟೆ ಹೋಗುತ್ತದೆ. ನನ್ನ ಮರ್ಯಾದೆಯಂತೂ ರನ್‌ವೇ ಮೇಲೆಯೇ ಹೋಗುತ್ತದೆ. ನಾನು ನಾಲ್ಕು ಸೆಕೆಂಡು ಸುಮ್ಮನೆ ನಿಂತೆ. ಮೇಲೆ ಒಂಬತ್ತು ಜೀವ ಗಿರಕಿ ಹೊಡೆಯುತ್ತಿರುವಾಗ ನಾಲ್ಕು ಸೆಕೆಂಡು ಲೆಕ್ಕ ಹಾಕಿದೆ. ಯಾರಿಗೂ ಇದನ್ನು ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಆಮೇಲೆ ಇವರ ಕಿವಿಯಲ್ಲಿ, ತೋಳು ಬಾಗಿದೆ, ನಮ್ಮ ಪಟ್ಟಿ ಕೀಲಿಗೆ ಸಿಕ್ಕಿಕೊಂಡಿದೆ ಅಂದೆ. ಇವರ ಬೆರಳು ನನ್ನ ಮೊಣಕೈಯಲ್ಲಿ ಊರಿಕೊಂಡಿತು. ಬೈಯಲಿಲ್ಲ. ರೇಡಿಯೊ ಬಾಯಿಗೆ ಹಿಡಿದು, ಎಡ ತೋಳಿನ ಕೀಲಿಗೆ ಬಟ್ಟೆಯ ಚೂರು ಸಿಕ್ಕಿದೆ ಕ್ಯಾಪ್ಟನ್, ಕಾಲನ್ನು ನಾಲ್ಕೈದು ಸಲ ಒಳಗೆ ಹೊರಗೆ ಮಾಡಿದರೆ ಹರಿದುಹೋಗುತ್ತದೆ ಅಂದರು.

ಪೈಲಟ್ ಚಿಕ್ಕ ವಯಸ್ಸಿನವಳು, ಆದರೆ ಕೆಲಸದಲ್ಲಿ ಎಳಸಲ್ಲ. ಆ ಕೀಲಿನ ಪಕ್ಕದಲ್ಲೇ ಎಣ್ಣೆ ಹರಿಯುವ ರಬ್ಬರ್ ಕೊಳವೆ ಇದೆ, ಅದರ ಹೊದಿಕೆಯೂ ಹಳದಿ. ಮೂರು ಕಾಲುಗಳನ್ನೂ ಆಡಿಸುವುದು ಆ ಎಣ್ಣೆಯ ಒತ್ತಡ. ಹರಿದಿರುವುದು ಕೊಳವೆಯಾಗಿದ್ದರೆ, ಕಾಲು ಆಡಿಸಿದಷ್ಟೂ ಎಣ್ಣೆ ಸೋರಿ, ಸರಿಯಿರುವ ಎರಡು ಕಾಲುಗಳೂ ಕೈಕೊಡುತ್ತವೆ. ಬಟ್ಟೆಯಾಗಿದ್ದರೆ ಆಡಿಸಲೇಬೇಕು. ಎರಡರಲ್ಲಿ ಒಂದು. ತಪ್ಪಿದರೆ ಇನ್ನೊಂದು ಅವಕಾಶವಿಲ್ಲ.

"ಮೇಸ್ತ್ರಿ, ಕೊಳವೆ ಅಲ್ಲ, ಬಟ್ಟೇನೇ ಅಂತ ನೀವೇ ಕಣ್ಣಾರೆ ನೋಡಿದ್ರಾ?" ಅಂತ ಅವಳು ಕೇಳಿದಳು.

ಮ್ಯಾನೇಜರು ಎರಡು ಹೆಜ್ಜೆ ಹತ್ತಿರ ಬಂದರು. ಇವರು ಹೂಂ ಅಂದುಬಿಟ್ಟರೆ ಮುಗಿದಿತ್ತು, ಮಾತು ನಿಜವೇ ಆಗಿತ್ತು. ಆದರೆ ನಮ್ಮ ಯಜಮಾನರು ನನ್ನ ಹತ್ತಿರ ಬೇಕಾದಷ್ಟು ಸುಳ್ಳು ಹೇಳಿದ್ದಾರೆ, ಮೇಲೆ ಹಾರುತ್ತಿರುವವರಿಗೆ ಹೇಳಿದವರಲ್ಲ. ಸೀಲಿನ ಸುಳ್ಳೊಂದನ್ನು ಬಿಟ್ಟು. ಅದನ್ನು ಇನ್ನು ಒಳಗಿಟ್ಟುಕೊಳ್ಳಲು ಆಗಲಿಲ್ಲವೇನೋ.

"ಇಲ್ಲಮ್ಮ. ನನಗೆ ಎರಡು ವರ್ಷದಿಂದ ಸರಿಯಾಗಿ ಕಾಣಲ್ಲ. ನೋಡಿದ್ದು ನನ್ನ ಹೆಂಡತಿ," ಅಂದರು.

ರೇಡಿಯೊದಲ್ಲಿ ಬರೀ ಗೊರಗೊರ ಶಬ್ದ. ಮ್ಯಾನೇಜರು ಬಾಯಿ ತೆರೆದರು, ಮುಚ್ಚಲು ಮರೆತರು. ಟವರಿನವರು ಗಾಜಿನ ಕೋಣೆಯಲ್ಲಿ ಎದ್ದು ನಿಂತಿದ್ದು ಕಂಡಿತು. ಆಮೇಲೆ ಪೈಲಟ್ ಹುಡುಗಿಯ ದನಿ, ಸ್ವಲ್ಪವೂ ನಡುಗದೆ ಬಂತು.

"ಹಾಗಾದ್ರೆ ರೇಡಿಯೊ ಅಕ್ಕನ ಕೈಗೆ ಕೊಡಿ."

ನಾನು ಆ ಪೆಟ್ಟಿಗೆಯನ್ನು ಅದುವರೆಗೂ ಒರೆಸಿದ್ದೆ, ಅದರಲ್ಲಿ ಮಾತಾಡಿರಲಿಲ್ಲ. ಹೇಗೋ ಹಿಡಿದು, ಅದು ನಮ್ಮ ಮನೆ ದಿಂಬಿನ ಕವರು ಕಣಮ್ಮ, ಹಳದಿ ಹೂವಿನದು, ನಾನೇ ಹರಿದಿದ್ದು, ಬೆಳಿಗ್ಗೆ ಬಿಚ್ಚಲು ಮರೆತವಳೂ ನಾನೇ ಅಂದೆ. ಒಂದೇ ಉಸಿರಿಗೆ ಪಟ್ಟಿ ಕಟ್ಟುವ ಉಪಾಯ, ಹನ್ನೊಂದರ ಲೆಕ್ಕ, ಸಕ್ಕರೆ ಚೀಲ, ಎಲ್ಲ ಹೇಳಿದೆ. ಆ ಪುಟ್ಟ ವಿಮಾನದಲ್ಲಿ ಪೈಲಟ್ಟಿಗೂ ಪ್ರಯಾಣಿಕರಿಗೂ ನಡುವೆ ಬಾಗಿಲಿಲ್ಲ, ರೇಡಿಯೊ ಮಾತು ಎಲ್ಲರಿಗೂ ಕೇಳುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಹಿಂದಿನ ಸೀಟಿನಿಂದ ಒಂದು ಪರಿಚಯದ ದನಿ ಬಂದಾಗ.

"ಅತ್ತಿಗೆ, ನಾನು ತಂದುಕೊಟ್ಟ ಕವರಾ?"

ಹೌದಮ್ಮ ಅಂದೆ. ಪೈಲಟ್ ಗಂಟಲು ಸರಿಮಾಡಿಕೊಂಡು, ಬಟ್ಟೆ ಎಷ್ಟು ಗಟ್ಟಿ ಅಂತ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನಾದಿನಿ, ಅಂಗಡಿಯವರು ಹತ್ತು ವರ್ಷ ಏನೂ ಆಗಲ್ಲ ಅಂದಿದ್ದರು, ಸಾಮಾನ್ಯದ ಬಟ್ಟೆ ಅಲ್ಲ ಅದು ಅಂತ ಹೆಮ್ಮೆಯಿಂದ ಹೇಳಿದಳು. ತಾನು ಕೂತಿರುವುದು ಎಲ್ಲಿ, ಹೇಳುತ್ತಿರುವುದು ಏನು ಅಂತ ಅವಳಿಗೆ ಆಮೇಲೆ ಹೊಳೆದಿರಬೇಕು. ಮುಂದೆ ಮಾತು ಬರಲಿಲ್ಲ. ನಾನು ಹೇಳಿದೆ: ಅಡ್ಡಕ್ಕೆ ಎಳೆದರೆ ಎತ್ತು ಕಟ್ಟಬಹುದು, ಉದ್ದಕ್ಕೆ ಎಳೆದರೆ ಪರ್ರಂತ ಹರಿಯುತ್ತೆ, ನನ್ನ ಹಲ್ಲಿಗೇ ಹರಿದಿದೆ. ಜೀವನದಲ್ಲಿ ನಾದಿನಿಯ ಉಡುಗೊರೆಯನ್ನು ಅಷ್ಟು ಮನಸಾರೆ ನಾನು ಹೀಯಾಳಿಸಿದ್ದು ಅದೊಂದೇ ಸಲ, ಅದೂ ಅವಳ ಒಳ್ಳೆಯದಕ್ಕೇ.

ಆಮೇಲೆ ರೇಡಿಯೊ ಇವರ ಕೈಗೆ ಹೋಯಿತು, ಕಣ್ಣು ನನ್ನದಾಯಿತು. ಗುಟ್ಟಿಲ್ಲ, ಪಿಸುಮಾತಿಲ್ಲ, ನಾನು ಗಟ್ಟಿಯಾಗಿ ಹೇಳುವುದು, ಇವರು ಮೇಲಕ್ಕೆ ಹೇಳುವುದು. ಕಾಲು ಒಳಗೆ, ಕಾಲು ಹೊರಗೆ, ಕಾಲು ಹೊರಗೆ ಬರುವಾಗಲೇ ವಿಮಾನದ ಮೂಗು ಮೇಲೆತ್ತಿ ಒಂದು ಎಳೆತ. ಮೊದಲನೆಯ ಸಲ ಪಟ್ಟಿ ಇನ್ನೂ ಬಿಗಿಯಿತು. ಎರಡನೆಯ ಸಲ ನಾರು ನಾರಾಯಿತು. ಮೂರನೆಯ ಸಲ ವಿಮಾನ ಏರಿದ ರಭಸಕ್ಕೆ ಒಳಗಿನಿಂದ ಎಂಟು ಜನರ ಕೂಗು ರೇಡಿಯೊದಲ್ಲಿ ಕೇಳಿತು, ಅದರಲ್ಲಿ ಒಂದು ಕೂಗಿನಲ್ಲಿ ನನ್ನ ಹೆಸರಿತ್ತು. ತೋಳಿನಿಂದ ಏನೋ ಬಿಡಿಸಿಕೊಂಡು ಗಾಳಿಯಲ್ಲಿ ಹೊರಳುತ್ತಾ ಹೋಯಿತು.

ಹರಿಯಿತು ಅಂದೆ. ತೋಳು ಹೇಗಿದೆ ಅಂತ ಇವರು ಕೇಳಿದರು. ನೆಟ್ಟಗಿದೆ ಅಂದೆ. ಅಷ್ಟರಲ್ಲಿ ಮೂರೂ ಹಸಿರು ಅಂತ ಪೈಲಟ್ ಹೇಳಿದಳು. ಆದರೂ ಚಕ್ರ ನೆ‌ಲ ಮುಟ್ಟಿ, ವಿಮಾನ ಓಡಿ, ನಿಧಾನವಾಗಿ, ನಿಲ್ಲುವವರೆಗೆ ನಾನು ಉಸಿರು ಬಿಡಲಿಲ್ಲ. ಲೋಟದ ನೀರನ್ನು ಮ್ಯಾನೇಜರು ನನ್ನ ಕೈಯಿಂದ ಕಿತ್ತುಕೊಂಡು ಗಟಗಟ ಕುಡಿದರು.

ನಾದಿನಿ ಮೆಟ್ಟಿಲಿಳಿದು ನೇರ ನನ್ನ ಕಡೆ ಬಂದಳು. ಕೆನ್ನೆಗೆ ಬಿಡುತ್ತಾಳೆ ಅಂದುಕೊಂಡೆ, ಬಿಟ್ಟಿದ್ದರೂ ತಪ್ಪಿರಲಿಲ್ಲ. ನನ್ನ ಕೊರಳಿಗೆ ಬಿದ್ದು ಅತ್ತಳು, ನಾನೂ ಅತ್ತೆ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ಉಳಿದ ಮೂರು ಕವರನ್ನೂ ಹರಿದಿದ್ದೀರಾ ಅಂತ ಕೇಳಿದಳು. ಇನ್ನು ಒಂದು ವಾರ ವಿಮಾನ ಹತ್ತುವ ಮಾತೇ ಇಲ್ಲ, ಇಲ್ಲೇ ಇರುತ್ತೇನೆ ಅಂತಲೂ ಹೇಳಿದಳು. ಆ ಶಿಕ್ಷೆ ನನಗೆ ಸಲ್ಲಬೇಕಾದದ್ದೇ.

ಇವರು ಯಾರೂ ಕೇಳುವ ಮೊದಲೇ ಎದೆ ಜೇಬಿನಿಂದ ಸೀಲು ತೆಗೆದು ಮ್ಯಾನೇಜರ ಮೇಜಿನ ಮೇಲಿಟ್ಟರು. ಮ್ಯಾನೇಜರು ಬೈದರು, ಬೈಯುವ ಹಕ್ಕು ಅವರಿಗಿತ್ತು. ಇಬ್ಬರೂ ತಲೆ ತಗ್ಗಿಸಿ ಕೇಳಿದೆವು. ವಿಚಾರಣೆ ನಡೆಯುತ್ತದೆ, ಅಲ್ಲಿಯವರೆಗೆ ಬೇರೆ ಮೆಕ್ಯಾನಿಕ್ ಬರುತ್ತಾರೆ. ಎರಡೂ ಕಣ್ಣು ಸರಿಯಾಗಿ ಪರೀಕ್ಷೆ ಪಾಸಾದರೆ, ಆಗ ನೋಡೋಣ, ಬೇಗ ಆದಷ್ಟೂ ನಿಮಗೇ ಒಳ್ಳೆಯದು ಅಂದರು. ನನಗೆ ಹ್ಯಾಂಗರಿನೊಳಗೆ ಕಾಲಿಡಬೇಡ ಅಂತ ಅಪ್ಪಣೆಯಾಯಿತು.

ಹ್ಯಾಂಗರಿನ ಹಿಂದೆ ಹಳೆಯ ಟೈರುಗಳ ಮೇಲೆ ಹಲಗೆ ಹಾಕಿದ ಒಂದು ಬೆಂಚಿದೆ. ಮಧ್ಯಾಹ್ನ ಇವರು ಅಲ್ಲಿ ಒಬ್ಬರೇ ಕುಳಿತಿದ್ದರು, ಖಾಲಿ ಜೇಬಿನ ಮೇಲೆ ಕೈಯಿಟ್ಟುಕೊಂಡು. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಇವರು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಅದನ್ನು ಕೇಳುತ್ತಾ ಕೂರುವುದು ನನ್ನಿಂದಾಗಲಿಲ್ಲ.

"ನಿಮ್ಮನ್ನ ಕೈ ಹಿಡಿದು ಎಳ್ಕೊಂಡು ಹೋಗ್ಬಹುದಿತ್ತು ಡಾಕ್ಟ್ರ ಹತ್ರ. ಬೇಕಂತಲೇ ಸುಮ್ನಿದ್ದೆ ರೀ. ಆ ಒಂದು ಗಂಟೆ ನೀವು ನನ್ನ ಮಾತು ಕೇಳ್ತಿದ್ರಿ. ಅದನ್ನ ಬಿಡೋಕೆ ನನಗೆ ಮನಸ್ಸಾಗ್ಲಿಲ್ಲ."

ಇವರು ನನ್ನ ದನಿ ಬಂದ ಕಡೆ ತಿರುಗಿದರು.

"ನಾನು ಸೀಲಿನ ಆಸೆಗೆ ಸುಮ್ನಿದ್ದೆ, ನೀನು ಮಾತಿನ ಆಸೆಗೆ ಸುಮ್ನಿದ್ದೆ. ಆ ಒಂಬತ್ತು ಜನಕ್ಕೆ ಇದೆಲ್ಲ ಏನು ಗೊತ್ತಿತ್ತೇ?"

ಅಷ್ಟು ಹೇಳಿ ಎದ್ದು ಹೋದರು. ಮೂರು ದಿನ ನನ್ನ ಜೊತೆ ತುಟಿ ಪಿಟಕ್ಕೆನ್ನಲಿಲ್ಲ. ಉಪ್ಪು ಬೇಕಾದರೆ ತಂಗಿಯನ್ನು ಕೇಳುತ್ತಿದ್ದರು, ಡಬ್ಬಿ ಎಲ್ಲಿದೆ ಅಂತ ಗೊತ್ತಿದ್ದವಳು ಅವಳೊಬ್ಬಳೇ. ನಾನು ಒಲೆ ಮುಂದೆ ನಿಂತು, ಇಪ್ಪತ್ತೊಂಬತ್ತು ವರ್ಷ ಕೇಳದಿದ್ದವರು ಇನ್ನು ಮೇಲೆಯೂ ಕೇಳುವುದಿಲ್ಲ, ಬಿಡು, ನಿನಗೆ ಇದೇ ಆಗಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡ ಮಾತ್ರಕ್ಕೆ ನೋವಾಗದೆ ಇರಲಿಲ್ಲ.

ನಾಲ್ಕನೆಯ ದಿನ ಕಣ್ಣಿನ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಇವರು ನನ್ನ ಕೈ ಹಿಡಿದಿದ್ದರು, ಆದರೆ ಅದು ಮೆಟ್ಟಿಲು ಕಾಣದ್ದಕ್ಕೆ. ಬಲಗಣ್ಣಿನ ಆಪರೇಷನ್ ಅರ್ಧ ಗಂಟೆಯೊಳಗೆ ಮುಗಿಯಿತು. ಎರಡು ವರ್ಷ ಹೆದರಿ ಕೂತಿದ್ದು ಅರ್ಧ ಗಂಟೆಯ ಕೆಲಸಕ್ಕೆ. ಮರುದಿನ ಪಟ್ಟಿ ತೆಗೆದಾಗ ಇವರು ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದರು, ಕೆಳಗೆ ಸಣ್ಣದಾಗಿ ಅಚ್ಚಾಗಿದ್ದ ಮುದ್ರಣಾಲಯದ ವಿಳಾಸವನ್ನೂ ಬಿಡದೆ ಓದಿದರು. ಡಾಕ್ಟರಮ್ಮ ನಕ್ಕು ಡೈರಿ ತೆರೆದು, ಎಡಗಣ್ಣು ಮುಂದಿನ ವಾರವೇ ಮಾಡಬಹುದು, ಇಲ್ಲ ಎರಡು ತಿಂಗಳು ಬಿಟ್ಟಾದರೂ ಆದೀತು, ನಿಮ್ಮ ಅನುಕೂಲ ಅಂದರು.

ಮುಂದಿನ ವಾರ ಅನ್ನುತ್ತಾರೆ ಅಂತ ನಾನು ಆಗಲೇ ಚೀಲ ಎತ್ತಿಕೊಂಡು ಎದ್ದಿದ್ದೆ. ಎರಡನೆಯ ಕಣ್ಣಾಗದೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ಸೀಲಿಲ್ಲ. ಆ ಸೀಲಿಗಾಗಿ ಎರಡು ವರ್ಷ ತಡವರಿಸಿಕೊಂಡು ಓಡಾಡಿದ ಮನುಷ್ಯ ಇವರು.

"ಅವಸರ ಏನಿಲ್ಲ ಡಾಕ್ಟ್ರೇ," ಅಂದರು. "ಎರಡು ತಿಂಗಳು ಹೋಗ್ಲಿ. ಅಲ್ಲಿವರೆಗೂ ಈ ಎಡಗಡೇದು ಇವಳು ನೋಡಿ ಹೇಳ್ತಾಳೆ, ನಾನು ಕೇಳ್ತೀನಿ."

ಇವರು ನನಗೆ ಇದುವರೆಗೆ ಹೇಳಿರುವ ಒಳ್ಳೆಯ ಮಾತುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು, ಅದರಲ್ಲಿ ಇದು ಹೆಬ್ಬೆರಳು. ಎರಡು ತಿಂಗಳು ಅಂದರೆ ಅರವತ್ತು ಬೆಳಗು. ಬೇಕು ಅನ್ನಿಸಿತು, ಬಹಳ ಬೇಕು ಅನ್ನಿಸಿತು. ಆ ಆಸೆಯ ಹಿಂದೆಯೇ, ಖಾಲಿ ಜೇಬಿನ ಮೇಲೆ ಕೈಯಿಟ್ಟುಕೊಂಡು ಬೆಂಚಿನಲ್ಲಿ ಕುಳಿತಿದ್ದ ಇವರು ಕಣ್ಣ ಮುಂದೆ ಬಂದರು.

"ಮುಂದಿನ ವಾರಕ್ಕೇ ಬರ್ಕೊಳ್ಳಿ ಡಾಕ್ಟ್ರೇ," ಅಂದೆ. "ಮೊದಲನೇ ದಿನ, ಮೊದಲನೇ ಹೊತ್ತಿಗೆ."

ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿ ತಾರೀಕು ಬರೆದುಕೊಂಡರು. ಇವರು ಎದ್ದು, ನನ್ನ ಕೈ ಹುಡುಕದೆ ನೆಟ್ಟಗೆ ನಡೆದುಹೋಗಿ ಬಾಗಿಲು ತೆರೆದರು, ನಾನು ಕಣ್ಣೊರೆಸಿಕೊಂಡು ಬರುವವರೆಗೂ ಅದನ್ನು ಹಿಡಿದು ನಿಂತಿದ್ದರು.